ಅಟ್ಟದ ಮೇಲಿಟ್ಟ ಐವತ್ತು

ಐವತ್ತು ಡಿಗ್ರಿ ಬಿಸಿಲು ಬರುವುದೇ ಇಲ್ಲ ಎಂದು ಬರೆದವಳು ನಾನೇ. ಬೇರೆ ಯಾರ ತಲೆಗಾದರೂ ಕಟ್ಟೋಣವೆಂದರೆ ಆ ಸಾಲಿನ ಪಕ್ಕದಲ್ಲಿ ನನ್ನ ಹೆಸರಿನ ಮೊದಲಕ್ಷರ ಇದೆ, ತಾರೀಖೂ ಇದೆ. ರಾಯಚೂರಿನಲ್ಲಿ ಹುಟ್ಟಿ, ಈ ಬಿಸಿಲಿನಲ್ಲೇ ಬರಿಗಾಲಲ್ಲಿ ಓಡಾಡಿ ಬೆಳೆದವಳು. ಬಿಸಿಲಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸೊಕ್ಕಿತ್ತು. ನಲವತ್ತೆಂಟು ಕಂಡಿದ್ದೆ, ಒಮ್ಮೆ ನಲವತ್ತೊಂಬತ್ತನ್ನೂ ಕಂಡಿದ್ದೆ. ಯಾವುದಾದರೂ ಸೆನ್ಸರ್ ಐವತ್ತು ಎಂದು ಹೇಳಿದರೆ ಸೆನ್ಸರೇ ಕೆಟ್ಟಿದೆ, ಯಂತ್ರ ಆರಿಸಿಬಿಡು ಎಂದು ಬರೆದು ಮುಗಿಸಿದ್ದೆ. ಮೂರು ವರ್ಷ ಯಾರೂ ಅದನ್ನು ಕೇಳಲಿಲ್ಲ, ಏಕೆಂದರೆ ಮೂರು ವರ್ಷ ಐವತ್ತು ಬರಲಿಲ್ಲ.

ಆ ಯಂತ್ರ ತಂಪಂಗಿ. ಬಿಸಿಲಲ್ಲಿ ದುಡಿಯುವ ಪ್ರತಿಯೊಬ್ಬರೂ ಅದನ್ನು ತೊಡಲೇಬೇಕೆಂದು ಕಾನೂನಾಗಿ ಆಗಲೇ ಎಂಟು ಬೇಸಿಗೆ ಕಳೆದಿತ್ತು. ಬಟ್ಟೆಯ ಎರಡು ಪದರಗಳ ನಡುವೆ ಸಣ್ಣ ಕೊಳವೆಗಳು, ಅವುಗಳಲ್ಲಿ ತಣ್ಣೀರು, ಸೊಂಟಕ್ಕೆ ನೀರನ್ನು ತಣಿಸುವ ಡಬ್ಬಿ. ಎದೆಯ ಜೇಬಿನಲ್ಲಿ ಮೊಬೈಲು. ಎಷ್ಟು ತಣಿಸಬೇಕು, ಬ್ಯಾಟರಿ ಎಷ್ಟು ಹೊತ್ತು ಉಳಿಸಬೇಕು ಎಂಬುದನ್ನೆಲ್ಲ ಆ ಮೊಬೈಲಿನಲ್ಲಿರುವ ಆ್ಯಪ್ ತೀರ್ಮಾನಿಸುತ್ತದೆ. ಊರಾಚೆ ನೆಟ್‌ವರ್ಕ್ ನೆಚ್ಚುವ ಹಾಗಿಲ್ಲವೆಂದು ಬುದ್ಧಿಯನ್ನೆಲ್ಲ ಮೊಬೈಲಿನೊಳಗೇ ತುಂಬಿದ್ದೆವು. ನಡೆಯುತ್ತಿದ್ದರೆ ಸ್ವರ್ಗ. ನಿಂತರೆ ಬೆವರು ಹೊರಹೋಗದ ರಬ್ಬರ್ ಚೀಲ, ಕೆಲವೇ ನಿಮಿಷಗಳಲ್ಲಿ ಒಳಗಿನ ಮನುಷ್ಯ ಬೇಯುತ್ತಾನೆ. ತೆಗೆದೆಸೆದರೂ ನೆರಳಿಲ್ಲದ ಕಡೆ ಉಳಿಗಾಲವಿಲ್ಲ. ನಮ್ಮ ಜಿಲ್ಲೆಯಲ್ಲಿ ಹನ್ನೊಂದು ಸಾವಿರದ ನಾನೂರು ಜನ ಅದನ್ನು ತೊಡುತ್ತಿದ್ದರು, ಅವರಲ್ಲಿ ಒಬ್ಬ ನನ್ನ ಗಂಡ.

ಯಂಕೋಬ ರೈಲ್ವೆಯಲ್ಲಿ ಕೀಮ್ಯಾನ್. ಹಳಿಯ ಮೇಲೆ ನಡೆಯುತ್ತಾ, ಸಡಿಲಾದ ಕೀಲಿ ಬಡಿಯುತ್ತಾ, ಬಿರುಕು ಬಾಗು ಹುಡುಕುವ ಕೆಲಸ. ಬಿಸಿಲೇರಿದಾಗಲೇ ಹಳಿ ಹಿಗ್ಗಿ ಬಾಗುವುದರಿಂದ ಬೇಸಿಗೆಯಲ್ಲಿ ಅವನ ಗಸ್ತು ನಡುಮಧ್ಯಾಹ್ನಕ್ಕೆ. ಊರೆಲ್ಲ ಬಾಗಿಲು ಹಾಕಿಕೊಂಡು ಮಲಗುವ ಹೊತ್ತಿಗೆ ಅವನು ಕೃಷ್ಣಾ ನದಿಯ ಸೇತುವೆ ಕಡೆಗೆ ಹೊರಡುತ್ತಾನೆ.

ಅಂದು ಬೆಳಿಗ್ಗೆ ಅವನು ಅಂಗಿಯ ಕೊಳವೆಗೆ ನೀರು ತುಂಬುತ್ತಾ ಕುಳಿತಿದ್ದ. ನಾನು ಐದಕ್ಕೇ ಅಂಗಿಗಳ ಆ್ಯಪ್ ನೋಡಿಕೊಳ್ಳುವ ನಮ್ಮ ಕೇಂದ್ರಕ್ಕೆ ಹೋಗಿ ಒಂಬತ್ತಕ್ಕೆ ತಿಂಡಿಗೆ ಬಂದವಳು. ಹತ್ತು ನಿಮಿಷ, ರೊಟ್ಟಿ ಬಡಿದುಕೊಡುತ್ತೇನೆ ಎಂದೆ. ಅವನು ನಕ್ಕುಬಿಟ್ಟ. ನನ್ನ ಹತ್ತು ನಿಮಿಷ ನಮ್ಮ ಮನೆಯಲ್ಲಿ ಹಳೆಯ ತಮಾಷೆ. ಮದುವೆಯಾದ ಹೊಸತರಲ್ಲಿ, ಆ್ಯಪ್ ಕಟ್ಟಿ ಮುಗಿಯಲಿ, ಹತ್ತು ನಿಮಿಷದಲ್ಲಿ ಬಂದೆ ಎಂದು ಫೋನಿನಲ್ಲಿ ಹೇಳಿ, ನಾಲ್ಕು ಗಂಟೆ ಬಿಟ್ಟು ಬರುತ್ತಿದ್ದೆ. ಸಾರು ಎರಡು ಸಲ ಬಿಸಿ ಮಾಡಿ ಅವನು ಹಾಗೇ ಗೋಡೆಗೊರಗಿ ನಿದ್ದೆ ಹೋಗಿರುತ್ತಿದ್ದ. ಮಾತು ಬೆಳೆದು ಒಮ್ಮೆ ಎರಡು ದಿನ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಅದರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಬರೆದದ್ದನ್ನು ಮೊಬೈಲಿನಲ್ಲಿ ಓಡುವ ಆ್ಯಪ್ ಆಗಿ ಕಟ್ಟುವುದಕ್ಕೆ ಬಿಲ್ಡ್ ಎನ್ನುತ್ತೇವೆ. ಜೀವ ಕಾಯುವ ಸಾಧನವೆಂದು ಪ್ರತಿ ಸಾಲನ್ನೂ ಲಕ್ಷ ಬಗೆಯಲ್ಲಿ ಓಡಿಸಿ ನೋಡಿ, ಸರಿಯಿದೆ ಎಂದು ಯಂತ್ರವೇ ಮುದ್ರೆ ಒತ್ತಬೇಕು. ನಮ್ಮ ಆ್ಯಪ್ ಆಗ ಒಂದೇ ಮುದ್ದೆ. ಒಂದು ಚುಕ್ಕೆ ಬದಲಿಸಿದರೂ ಇಡೀ ಮುದ್ದೆಯನ್ನು ಮೊದಲಿನಿಂದ ಪರೀಕ್ಷಿಸಿ ಕಟ್ಟಬೇಕು. ಮೂರು ಗಂಟೆ ನಲವತ್ತು ನಿಮಿಷ.

ಅದನ್ನು ಒಡೆದವಳೂ ನಾನೇ. ತಣಿಸುವುದು ಒಂದು ಮಾಡ್ಯೂಲ್, ಬ್ಯಾಟರಿಯದು ಇನ್ನೊಂದು, ಎಚ್ಚರಿಕೆ ಕೂಗುವುದು ಮತ್ತೊಂದು, ಹೀಗೆ ಮೂವತ್ತನಾಲ್ಕು ಬಿಡಿ ತುಂಡು ಮಾಡಿದೆ. ಮುಟ್ಟಿದ ತುಂಡನ್ನೂ ಅದನ್ನು ನೆಚ್ಚಿದ ತುಂಡುಗಳನ್ನೂ ಮಾತ್ರ ಹೊಸದಾಗಿ ಕಟ್ಟಿದರೆ ಸಾಕು, ಉಳಿದವುಗಳ ಮುದ್ರೆ ಹಾಗೇ ನಡೆಯುತ್ತದೆ. ನಮ್ಮ ಮುಖ್ಯಸ್ಥ ಅಮರಯ್ಯನವರು ಒಂದು ವರ್ಷ ಒಪ್ಪಲಿಲ್ಲ. ಐವತ್ತೆಂಟರ ಮನುಷ್ಯ, ಆ ಮುದ್ದೆಯನ್ನು ಮೊದಲು ಕಲಸಿದವರೇ ಅವರು. ಒಂದೇ ಮನೆಗೆ ಮೂವತ್ತನಾಲ್ಕು ಒಲೆ ಯಾಕೆ ಎಂದು ರೇಗಿದರು. ಕೊನೆಗೆ ನನ್ನ ಬಾಯಿ ತಾಳಲಾರದೆ ಸಹಿ ಹಾಕಿದರು. ಬಿಲ್ಡ್ ಅರ್ಧ ಗಂಟೆಗೆ ಇಳಿಯಿತು. ಜಂಬ ಹತ್ತದೇ ಇರುತ್ತದೆಯೇ?

ಎಲ್ಲ ತುಂಡುಗಳಿಗೂ ಬೇಕಾಗುವ ಚಿಲ್ಲರೆ ಸಾಮಾನಿಗೆಂದು ಅವುಗಳಲ್ಲೇ ಒಂದು ತುಂಡು ಇಟ್ಟೆವು. ಅದಕ್ಕೆ ಅಟ್ಟ ಎಂದು ಹೆಸರು ಬಿತ್ತು, ಏಕೆಂದರೆ ಎಲ್ಲಿಡಬೇಕೆಂದು ತಿಳಿಯದ್ದನ್ನೆಲ್ಲ ಎಲ್ಲರೂ ಅಲ್ಲಿಗೇ ಎಸೆಯುತ್ತಿದ್ದರು. ಉಳಿದ ಮೂವತ್ತಮೂರು ತುಂಡುಗಳೂ ಅದನ್ನೇ ನೆಚ್ಚಿಕೊಂಡಿದ್ದವು. ಅಟ್ಟ ಮುಟ್ಟಿದರೆ ಮತ್ತೆ ಮೂರು ಗಂಟೆ ನಲವತ್ತು ನಿಮಿಷ. ನನ್ನನ್ನು ಕೇಳದೆ ಅಲ್ಲಿ ಏನೂ ಇಡಕೂಡದೆಂದು ಗೋಡೆಯ ಮೇಲೆ ಬರೆದು ಹಚ್ಚಿದೆ, ಇಟ್ಟವರನ್ನು ಬೈದೆ.

ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಶಾಕಿರಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅವಳು ಪರೀಕ್ಷೆಯವಳು, ಬಿಸಿ ಕೋಣೆ ಅವಳ ಸುಪರ್ದಿನಲ್ಲಿ. ಹೊಸ ಅಂಗಿಗಳ ಕಂತು ಬಂದಿತ್ತು, ಬೊಂಬೆಗೆ ತೊಡಿಸಿ ಕೋಣೆಯ ಕಾವು ಏರಿಸಿ ನೋಡುತ್ತಿದ್ದಳು. ಎಷ್ಟು ತಾಳುತ್ತದೋ ನೋಡೋಣವೆಂದು ಐವತ್ತೊಂದಕ್ಕೆ ತಿರುಗಿಸಿದ್ದಳಂತೆ. ಐವತ್ತು ಮುಟ್ಟಿದ ಕ್ಷಣ ಅಂಗಿ ಆರಿತು. ಇನ್ನೊಂದು ತೊಡಿಸಿದಳು, ಅದೂ ಆರಿತು. ಮೂರನೆಯದೂ ಆರಿದ ಮೇಲೆ ನನ್ನ ಬಳಿ ಬಂದಿದ್ದಳು.

ಗೋಡೆಯ ಮೇಲಿನ ಹವಾಮಾನದ ಪರದೆ ಎರಡೂ ನಲವತ್ತಕ್ಕೆ ಐವತ್ತು ದಾಟುತ್ತದೆ ಎಂದು ಬೆಳಿಗ್ಗೆಯಿಂದಲೂ ತೋರಿಸುತ್ತಿತ್ತು. ನಾವೆಲ್ಲ ಅದನ್ನು ನೋಡಿ, ಅಬ್ಬಬ್ಬಾ ಎಂದು ಮಜ್ಜಿಗೆ ಕುಡಿದಿದ್ದೆವು.

ಆ ಸಂಖ್ಯೆ ಎಲ್ಲಿದೆ ಎಂದು ಹುಡುಕಲು ಅರ್ಧ ನಿಮಿಷ ಸಾಕಾಯಿತು. ಅಟ್ಟದಲ್ಲಿತ್ತು. ಪಕ್ಕದಲ್ಲಿ, 'ಸದ್ಯಕ್ಕೆ ಇಲ್ಲಿರಲಿ. ಹು.' ಎಂದಿತ್ತು. ಹು ಎಂದರೆ ಹುಲಿಗೆಮ್ಮ, ಅಂದರೆ ನಾನು. ಆವತ್ತು ಸರಿಯಾದ ಜಾಗದಲ್ಲಿಡಲು ಇನ್ನೊಂದು ತುಂಡು ಮಾಡಬೇಕಿತ್ತು, ಮನೆಗೆ ಹೋಗುವ ಅವಸರವಿತ್ತು, ನಾಳೆ ತೆಗೆಯೋಣ ಎಂದುಕೊಂಡಿದ್ದೆ. ಮಂದಿಗೆ ಬುದ್ಧಿ ಹೇಳುತ್ತಾ ಮೂರು ವರ್ಷ ಓಡಾಡಿದ ನನಗೆ ಅದೇ ನೆನಪಾಗಿರಲಿಲ್ಲ.

ಈಗ ಶುರು ಮಾಡಿದರೆ ಮುಗಿಯುವುದು ನಾಲ್ಕಕ್ಕೆ. ಎಲ್ಲರೂ ಎರಡೂವರೆಯೊಳಗೆ ನೆರಳು ಸೇರಿ ಎಂದು ಹನ್ನೊಂದು ಸಾವಿರ ಫೋನಿಗೂ ಸಂದೇಶ ಕಳಿಸಿದೆವು. ಅದನ್ನು ನೆಚ್ಚಿ ಕೂರುವ ಹಾಗಿರಲಿಲ್ಲ. ಮಾರ್ಚಿನಿಂದ ದಿನಾ ಇಂಥದೊಂದು ಎಚ್ಚರಿಕೆ ಕಳಿಸಿ ಕಳಿಸಿ ಜನರಿಗೆ ರೂಢಿಯಾಗಿಹೋಗಿತ್ತು. ಅಂಗಿ ಐತಲ್ಲ, ಇನ್ನೇನು ಎಂದು ಮೇಸ್ತ್ರಿಗಳು ಕೆಲಸ ಬಿಡಿಸುತ್ತಿರಲಿಲ್ಲ.

ಯಂಕೋಬ ಆಗಲೇ ಗಸ್ತಿಗೆ ಹೊರಟಾಗಿತ್ತು, ಅವನಿಗೆ ಸಂದೇಶವೂ ಕಾಣುವ ಹಾಗಿಲ್ಲ. ಹಳಿಯ ಮೇಲಿರುವಾಗ ಮೊಬೈಲು ಜೇಬಿನಿಂದ ತೆಗೆಯಕೂಡದು. ಮಾತಾಡುತ್ತಾ ರೈಲಿಗೆ ಸಿಕ್ಕಿದವರನ್ನು ಕಂಡು ಮಾಡಿದ ನಿಯಮ. ದಾರಿಯಲ್ಲಿ ಅವನು ಅದನ್ನು ಕೈಗೆತ್ತಿಕೊಳ್ಳುವುದು ಒಂದೇ ಕಡೆ, ಸೇತುವೆಗೆ ಮುಂಚಿನ ತಗಡಿನ ಕೋಣೆಯಲ್ಲಿ. ಎರಡೂ ಹತ್ತರ ಹೊತ್ತಿಗೆ ಅಲ್ಲಿಗೆ ಬಂದು, ನೀರು ಕುಡಿದು, ಪುಸ್ತಕದಲ್ಲಿ ಸಹಿ ಹಾಕಿ, ಹತ್ತು ನಿಮಿಷ ದಣಿವಾರಿಸಿಕೊಂಡು ಮುಂದೆ ಹೋಗುತ್ತಾನೆ. ಅಲ್ಲಿಂದಾಚೆ ಸೇತುವೆ, ಇಪ್ಪತ್ತೈದು ನಿಮಿಷದ ನಡಿಗೆ. ನೆಟ್‌ವರ್ಕೂ ಇಲ್ಲ, ನೆರಳೂ ಇಲ್ಲ. ಅವನು ಸೇತುವೆಯ ಮೇಲಿರುವಾಗಲೇ ಐವತ್ತು ಮುಟ್ಟುತ್ತದೆ.

ಅಮರಯ್ಯನವರು ನನ್ನ ಹಿಂದೆ ಬಂದು ನಿಂತು ಪರದೆ ಓದಿದರು. ಆ ಮೊದಲಕ್ಷರವನ್ನೂ ನೋಡಿದರು. ನಾನು ಅಟ್ಟ ತೆರೆದು ಬೆರಳಿಟ್ಟಿದ್ದೆ.

"ಅಟ್ಟ ಮುಟ್ಟಲೇಬೇಕೇನವ್ವಾ?" ಎಂದರು. "ಅದು ಸುಳ್ಳ ಹೇಳಿದ್ರ ಹೇಳ್ಕೊಳ್ಳಲಿ. ಕೇಳಾವ್ರು ಕೇಳೂದ ಬಿಟ್ರ ಆತಲ್ಲ."

ನಾನು ಕೈ ಹಿಂತೆಗೆದೆ. ಮೂವತ್ತನಾಲ್ಕು ಒಲೆ ಯಾಕೆ ಎಂದು ರೇಗಿದ್ದ ಮನುಷ್ಯ ನನ್ನದೇ ವ್ಯವಸ್ಥೆಯನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ತಪ್ಪು ಸಂಖ್ಯೆ ಅಟ್ಟದಲ್ಲಿ ಹಾಗೇ ಬಿದ್ದಿರಲಿ. ತಣಿಸುವ ತುಂಡು ಅದನ್ನು ಕೇಳದೆ ತನ್ನದೇ ಲೆಕ್ಕ ಇಟ್ಟುಕೊಳ್ಳಲಿ. ಆಗ ಕಟ್ಟಬೇಕಾದ್ದು ಅದೊಂದೇ ತುಂಡು, ಇಪ್ಪತ್ತನಾಲ್ಕು ನಿಮಿಷ.

ಆ ಸಂಖ್ಯೆಯನ್ನು ಕೇಳುವವರು ಇನ್ನು ಯಾರಿದ್ದಾರೆಂದು ಪಟ್ಟಿ ತೆಗೆದೆ. ಎಚ್ಚರಿಕೆಯ ತುಂಡು ಕೇಳುತ್ತಿತ್ತು. ಅದು ಸುಮ್ಮನೆ ಕೂಗುವಂಥದ್ದು. ಸುಳ್ಳೇ ಕೂಗಿದರೆ ಕೂಗಲಿ, ಯಾರೂ ಸಾಯುವುದಿಲ್ಲ, ಹದಿನೇಳು ನಿಮಿಷ ಉಳಿಯುತ್ತದೆ ಎಂದು ಬಿಟ್ಟುಬಿಟ್ಟೆ. ಹನ್ನೆರಡೂ ನಲವತ್ತಕ್ಕೆ ಬಿಲ್ಡ್ ಶುರುವಾಯಿತು. ನಾನು ನೀರು ಕುಡಿಯಲು ಹೋಗಿ, ಲೋಟ ಹಿಡಿದುಕೊಂಡೇ ಹಿಂದಕ್ಕೆ ಬಂದೆ.

ಒಂದೂ ಹತ್ತಕ್ಕೆ ಆ್ಯಪ್ ಸಿದ್ಧವಾಗಿತ್ತು. ಬಿಸಿ ಕೋಣೆಯಲ್ಲಿ ಹತ್ತು ನಿಮಿಷ ತಾಳದೆ ಯಾವ ಆ್ಯಪನ್ನೂ ಹೊರಗೆ ಬಿಡಕೂಡದು. ಬೊಂಬೆ ಆಗಲೇ ಕಾದು ಹೆಂಚಾಗಿತ್ತು, ಮೈಯ ಕಾವಿಗೆ ಇಳಿಯಲು ಅದಕ್ಕೆ ಎರಡು ಗಂಟೆ ಬೇಕು. ನಾನು ಹೋಗುತ್ತೇನೆ ಎಂದೆ. ಬದಲಾವಣೆ ಮಾಡಿದವರೇ ಪರೀಕ್ಷೆ ಮಾಡುವಂತಿಲ್ಲ ಎಂಬ ನಿಯಮವನ್ನು ಶಾಕಿರಾ ನೆನಪಿಸಿದಳು. ಅವಳು ಹೊರಗೆ ಮೀಟರ್ ಓದಬೇಕು. ಅಷ್ಟರಲ್ಲಿ ಅಮರಯ್ಯನವರು ಕನ್ನಡಕ ತೆಗೆದು ನನ್ನ ಮೇಜಿನ ಮೇಲಿಟ್ಟು ಅಂಗಿ ತೊಡಲು ಶುರುಮಾಡಿಯಾಗಿತ್ತು. ವಯಸ್ಸಿನ ಮಾತೆತ್ತಿದೆ. ನನ್ನಪ್ಪ ಇದೇ ಬಿಸಿಲಿಗೆ ಹತ್ತಿ ಹೊತ್ತವನು ಎಂದು ಹೇಳಿ ಒಳಗೆ ಹೋದರು.

ಐವತ್ತು ಮುಟ್ಟಿತು, ಅಂಗಿ ಆರಲಿಲ್ಲ. ಶಾಕಿರಾ ನನ್ನ ಭುಜ ಹಿಡಿದಳು. ಮೂರು ನಿಮಿಷ, ಐದು ನಿಮಿಷ. ಅಮರಯ್ಯನವರು ಗಾಜಿನೊಳಗಿಂದ ಕೈಯೆತ್ತಿ ತೋರಿಸಿದರು. ಏಳನೆಯ ನಿಮಿಷಕ್ಕೆ ಡಬ್ಬಿಯ ದೀಪ ಆರಿತು. ಬಾಗಿಲು ತೆಗೆದು ಅವರನ್ನು ಹಿಡಿದೆಳೆದುಕೊಂಡು ಬರುವಷ್ಟರಲ್ಲಿ ಮೊಣಕಾಲು ಮಡಚಿ ಕುಸಿದಿದ್ದರು.

ಎಚ್ಚರಿಕೆಯ ತುಂಡೇ ಕೈಕೊಟ್ಟಿತ್ತು. ಅದು ಅಟ್ಟವನ್ನು ಕೇಳಿ, ಸೆನ್ಸರ್ ಕೆಟ್ಟಿದೆ ಎಂದು ಕೂಗುತ್ತದೆ. ಆ ಕೂಗು ಐದಾರು ನಿಮಿಷ ನಿಲ್ಲದಿದ್ದರೆ ಬ್ಯಾಟರಿಯ ತುಂಡು ಉಳಿತಾಯಕ್ಕೆಂದು ಡಬ್ಬಿಯನ್ನೇ ಮುಚ್ಚುತ್ತದೆ. ನೇರವಾಗಿ ಕೇಳುವವರನ್ನು ನೋಡಿದ್ದೆ, ಕೈಯಿಂದ ಕೈಗೆ ದಾಟಿದ್ದನ್ನು ನೋಡಿರಲಿಲ್ಲ. ಹದಿನೇಳು ನಿಮಿಷ ಉಳಿಸಲು ಹೋಗಿ ಈ ಮನುಷ್ಯನನ್ನು ಕೊಲ್ಲುತ್ತಿದ್ದೆ.

ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಅವರು ಕೇಳಿದ್ದು ಇಷ್ಟೆ, "ಈಗೆಷ್ಟು?"

ಎಚ್ಚರಿಕೆ ಹದಿನೇಳು, ಅದರ ಮೇಲೆ ನಿಂತ ಬ್ಯಾಟರಿ ಇಪ್ಪತ್ತೆರಡು, ಜೋಡಿಸಿ ಮುದ್ರೆ ಒತ್ತಲು ಆರು ಎಂದು ಹೇಳಿದೆ. ಬದಲಾಯಿಸಿ, ಈ ಸಲ ಕೊನೆಯ ತುಂಡಿನವರೆಗೂ ಯಾರು ಯಾರನ್ನು ಕೇಳುತ್ತಾರೆಂದು ಬೆರಳಿಟ್ಟು ನೋಡಿ, ಒಂದೂ ಇಪ್ಪತ್ತೈದಕ್ಕೆ ಶುರುಮಾಡಿದೆ. ಆಮೇಲೆ ಮಾಡಲು ಏನೂ ಇರಲಿಲ್ಲ. ಪರದೆಯ ಮೇಲೆ ಮೂವತ್ತೆರಡು ಹೆಸರುಗಳು ಹಸಿರಾಗಿ ನಿಂತಿದ್ದವು, ಎರಡು ಹೆಸರು ಹಳದಿಯಾಗಿ ತೆವಳುತ್ತಿದ್ದವು. ಹಳೆಯ ಮುದ್ದೆಯೇ ಆಗಿದ್ದರೆ ಆ ಹೊತ್ತಿಗೆ ಮೂರನೇ ಒಂದು ಪಾಲೂ ಆಗಿರುತ್ತಿರಲಿಲ್ಲ ಎಂದುಕೊಂಡೆ, ಅದರಿಂದ ಸಮಾಧಾನವೇನೂ ಆಗಲಿಲ್ಲ. ಹೊರಗೆ ನಲವತ್ತೊಂಬತ್ತು ದಾಟಿತ್ತು.

ಎರಡೂ ಹತ್ತಕ್ಕೆ ಮುದ್ರೆ ಬಿತ್ತು. ಅಮರಯ್ಯನವರು ಎದ್ದು ಮತ್ತೆ ಅಂಗಿ ತೊಟ್ಟರು. ಬೇಡವೆನ್ನಲು ಬಾಯಿ ತೆರೆದೆ, ನನ್ನ ಮುಖವನ್ನೂ ನೋಡದೆ ಒಳಗೆ ಹೋದರು. ಎರಡೂ ಹನ್ನೊಂದಕ್ಕೆ ಶಾಕಿರಾ ಗಡಿಯಾರ ಒತ್ತಿದಳು. ನಾನು ಯಂಕೋಬನಿಗೆ ಫೋನ್ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಂಗಿ ಐವತ್ತಕ್ಕೆ ಆರುತ್ತದೆ, ತಪ್ಪು ನನ್ನದು, ಹೊಸದು ಸಿದ್ಧವಿದೆ ಆದರೆ ಪರೀಕ್ಷೆಯಲ್ಲಿದೆ, ಸೇತುವೆಗೆ ಹೋಗಬೇಡ ಎಂದೆ. ಎರಡೂ ಐವತ್ತೆರಡಕ್ಕೆ ಆ ದಡದಿಂದ ಪ್ಯಾಸೆಂಜರ್ ಬರುತ್ತದೆ, ಇಂಥ ಬಿಸಿಲಲ್ಲಿ ಹಳಿ ನೋಡದೆ ಬಿಡಲಾಗುವುದಿಲ್ಲ ಎಂದ. ರೈಲು ನಿಲ್ಲಿಸಲು ಹೇಳು ಎಂದೆ. ಹಳಿ ಬಾಗಿದ್ದು ಕಣ್ಣಾರೆ ಕಂಡಿಲ್ಲ, ಏನೆಂದು ಹೇಳಲಿ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಎಷ್ಟ ನಿಮಿಷ ಬೇಕು ನಿಮಗ?"

"ಹತ್ತ."

"ನಿನ್ನ ಹತ್ತ ನಿಮಿಷ ನನಗ ಗೊತ್ತಿಲ್ಲೇನು, ಹುಲಿಗೀ?"

"ಈ ಸಲ ಹತ್ತಂದ್ರ ಹತ್ತ. ನನ್ನಾಣೆ."

ಎರಡೂ ಇಪ್ಪತ್ತೊಂದರವರೆಗೆ ಕಾಯುತ್ತೇನೆ, ಅದಕ್ಕಿಂತ ತಡವಾದರೆ ರೈಲಿಗೆ ಮುಂಚೆ ಸೇತುವೆ ದಾಟಲಾಗುವುದಿಲ್ಲ ಎಂದು ಹೇಳಿ ಅವನು ಫೋನ್ ಇಟ್ಟ.

ಒಂದೇ ಫೋನಿಗೆ ಆ್ಯಪ್ ಕಳಿಸುವ ಗುಂಡಿ ನನ್ನ ಪರದೆಯ ಮೂಲೆಯಲ್ಲೇ ಇತ್ತು. ಅವನಿಗೊಬ್ಬನಿಗೆ ಈಗಲೇ ಕಳಿಸಿಬಿಡಲೇ ಎಂದು ಬೆರಳು ಅಲ್ಲಿಗೇ ಹೋಯಿತು. ಮೊದಲನೆಯದನ್ನು ಹೀಗೇ ಕಳಿಸಿದ್ದರೆ ಏಳನೆಯ ನಿಮಿಷಕ್ಕೆ ಅವನೂ ಕುಸಿಯುತ್ತಿದ್ದ. ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಗಾಜಿನ ಕಡೆ ತಿರುಗಿ ಕುಳಿತೆ. ಆರು ನಿಮಿಷವಾಯಿತು. ಏಳಾಯಿತು. ಡಬ್ಬಿಯ ದೀಪ ಉರಿಯುತ್ತಲೇ ಇತ್ತು. ಎಂಟು, ಒಂಬತ್ತು. ಅಮರಯ್ಯನವರು ಗೋಡೆಗೆ ಒರಗಿದ್ದರು, ಕಣ್ಣು ತೆರೆದೇ ಇತ್ತು. ಶಾಕಿರಾ ಹತ್ತು ಎಂದಳು, ನಾನು ಎಲ್ಲ ಫೋನುಗಳಿಗೂ ಒತ್ತಿದೆ. ಗಂಟೆ ಎರಡೂ ಇಪ್ಪತ್ತೊಂದು.

ಗೋಡೆಯ ಪರದೆಯಲ್ಲಿ ಅಂಗಿಗಳು ಸಾವಿರ ಸಾವಿರವಾಗಿ ಹೊಸದಕ್ಕೆ ತಿರುಗತೊಡಗಿದವು. ನಾನು ಒಂದೇ ನಂಬರ್ ನೋಡುತ್ತಿದ್ದೆ. ಯಂಕೋಬನದು 'ಇಳಿಯುತ್ತಿದೆ' ಎಂದಿತ್ತು. ಎರಡೂ ಇಪ್ಪತ್ತೆರಡಕ್ಕೂ ಹಾಗೇ ಇತ್ತು. ಆಮೇಲೆ ಸಂಪರ್ಕ ತಪ್ಪಿ ಸಾಲು ಬೂದಿ ಬಣ್ಣಕ್ಕೆ ಹೋಯಿತು. ಸೇತುವೆ ಹತ್ತಿದ್ದ. ಪೂರ್ತಿ ಇಳಿಯಿತೋ ಇಲ್ಲವೋ ಎಂದು ಹೇಳುವವರು ಯಾರೂ ಇರಲಿಲ್ಲ.

ಎರಡೂ ಮೂವತ್ತೆಂಟಕ್ಕೆ ಐವತ್ತಾಯಿತು. ಹೊಸದಾಗದೆ ಉಳಿದ ನೂರೆಂಬತ್ತು ಜನರಿಗೆ ನಾವು ಮೂವರೂ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದೆವು, ಅಂಗಿ ಬಿಚ್ಚಿ, ನೆರಳಿಗೆ ಹೋಗಿ, ನೀರು ಸುರಿದುಕೊಳ್ಳಿ ಎಂದು. ನನ್ನ ಬಾಯಿ ಹೇಳುತ್ತಿತ್ತು, ಕಣ್ಣು ಆ ಬೂದಿ ಸಾಲಿನ ಮೇಲಿತ್ತು. ಎರಡೂ ನಲವತ್ತೇಳಕ್ಕೆ ಆ ದಡ ಮುಟ್ಟಬೇಕಿತ್ತು. ಮುಟ್ಟಲಿಲ್ಲ. ಮೂರು ಗಂಟೆಗೂ ಇಲ್ಲ. ಮೂರೂ ಹತ್ತಕ್ಕೆ ಶಾಕಿರಾ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು, ಏಕೆಂದರೆ ನಾನು ಯಾರಿಗೋ ಫೋನ್ ಮಾಡಿ ಮಾತಾಡದೆ ಸುಮ್ಮನೆ ಕುಳಿತಿದ್ದೆನಂತೆ. ಅವನು ಸತ್ತ ಎಂದುಕೊಂಡೆ. ನನ್ನ ಕೈಯಾರೆ ಬರೆದ ಸಾಲಿನಿಂದ ಸತ್ತ ಎಂದುಕೊಂಡೆ.

ಮೂರೂ ಇಪ್ಪತ್ತಾರಕ್ಕೆ ಬೂದಿ ಸಾಲು ಹಸಿರಾಯಿತು. ಆ್ಯಪ್ ಹೊಸದು, ಮೈಯ ಕಾವು ಮೂವತ್ತೇಳೂವರೆ. ಹಿಂದೆಯೇ ಫೋನ್ ಬಂತು.

ಐದನೆಯ ಕಂಬದ ಮೇಲೆ ಹಳಿ ನಾಲ್ಕು ಬೆರಳು ಬಾಗಿತ್ತಂತೆ. ಓಡಿ ಮುಂದೆ ಹೋಗಿ ಚಕ್ರ ಹರಿದೊಡನೆ ಸಿಡಿದು ಚಾಲಕನನ್ನು ಎಚ್ಚರಿಸುವ ಪಟಾಕಿಯನ್ನು ಹಳಿಗೆ ಕಟ್ಟಿ, ಕೆಂಪು ಬಾವುಟ ಹಿಡಿದು ನಡುಸೇತುವೆಯಲ್ಲೇ ನಿಂತಿದ್ದ. ಪಟಾಕಿ ಸಿಡಿದು ಪ್ಯಾಸೆಂಜರ್ ಅವನಿಂದ ಮುನ್ನೂರು ಅಡಿ ದೂರದಲ್ಲಿ ನಿಂತಿತು. ಹಳಿ ಸರಿಪಡಿಸುವ ಗ್ಯಾಂಗು ಬರುವವರೆಗೆ ಜಾಗ ಬಿಡುವ ಹಾಗಿರಲಿಲ್ಲ. ನನಗೆ ಅದೆಲ್ಲ ಅರ್ಧಂಬರ್ಧ ಕೇಳಿಸಿತು. ಆ್ಯಪ್ ಪೂರ್ತಿ ಇಳಿದದ್ದು ಗೊತ್ತಿತ್ತಾ, ಗೊತ್ತಿಲ್ಲದೇ ಹೋದೆಯಾ ಎಂದು ಜಗಳಕ್ಕೆ ನಿಂತವಳ ಹಾಗೆ ಕೇಳಿದೆ.

"ಹೊಸದು ಅಂತ ಬರೂತನಕ ಟವರಿನ ಅಂಚಿನ್ಯಾಗ ನಿಂತಿದ್ದೆ, ಅದು ಬರೂದಕ್ಕೂ ಟವರ್ ಹೋಗೂದಕ್ಕೂ ಸರಿ ಆತು," ಎಂದ. "ನಿನ್ನ ಹತ್ತಕ್ಕ ಒಂದೆರಡ ನಿಮಿಷ ಸೇರಿಸೇ ಇಟ್ಟಿರ್ತೀನಿ ನಾನು. ಉಳಿದದ್ದನ್ನ ಓಡಿದೆ."

ಆಗ ಅಳು ಬಂತು. ಅಮರಯ್ಯನವರು ನೆಲದ ಮೇಲೆ ಕಾಲು ಚಾಚಿ ಕುಳಿತು ಉಪ್ಪು ಸಕ್ಕರೆ ನೀರು ಕುಡಿಯುತ್ತಿದ್ದವರು ಬೇರೆ ಕಡೆ ಮುಖ ತಿರುಗಿಸಿಕೊಂಡರು.

ಆ ಮಧ್ಯಾಹ್ನ ಜಿಲ್ಲೆಯಲ್ಲಿ ಆರು ಜನ ಆಸ್ಪತ್ರೆ ಸೇರಿದರು. ಐವರು ಸಂಜೆಯೊಳಗೆ ಎದ್ದು ಕುಳಿತರು. ಆರನೆಯವಳು ತಾಯಮ್ಮ, ರಸ್ತೆಗೆ ಡಾಂಬರು ಹಾಕುವವಳು, ನಮ್ಮ ಪಟ್ಟಿಯಲ್ಲಿ ಅವಳ ಫೋನ್ ಬ್ಯುಸಿ ಎಂದಿತ್ತು. ಐದು ಗಂಟೆಯಾದರೂ ಅವಳಿಗೆ ಎಚ್ಚರವಾಗಿರಲಿಲ್ಲ. ಅವಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದೆ.

ಅಮರಯ್ಯನವರು ಮನೆಗೆ ಹೋಗು ಎಂದರು. ಅಂಗಿಗಳೆಲ್ಲ ನಡೆಯುತ್ತಿವೆ, ಈಗ ಆ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ, ಅಟ್ಟದಲ್ಲಿ ಬಿದ್ದಿದ್ದರೆ ಬಿದ್ದಿರಲಿ, ಸೋಮವಾರ ನೋಡೋಣ ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಮೂರು ವರ್ಷದ ಹಿಂದೆ ನಾನು ನನಗೇ ಹೇಳಿಕೊಂಡದ್ದೂ ಇಷ್ಟೇ ಸರಿಯಾಗಿತ್ತು.

ಅಟ್ಟ ತೆರೆದೆ. ಐವತ್ತನ್ನು ಅಳಿಸಿದೆ. 'ಸದ್ಯಕ್ಕೆ ಇಲ್ಲಿರಲಿ' ಎಂಬುದನ್ನೂ ನನ್ನ ಅಕ್ಷರವನ್ನೂ ಅಳಿಸಿದೆ. ಮೂವತ್ತನಾಲ್ಕು ಹೆಸರುಗಳೂ ಒಟ್ಟಿಗೆ ಹಳದಿಯಾದವು. ಅಷ್ಟರಲ್ಲಿ ಯಂಕೋಬ ಮನೆ ಮುಟ್ಟಿ, ಸ್ನಾನ ಮುಗಿಸಿ ಫೋನ್ ಮಾಡಿದ. ಅಕ್ಕಿ ತೊಳೆದಿಟ್ಟಿದ್ದೇನೆ, ಎಷ್ಟು ಹೊತ್ತಿಗೆ ಬರುತ್ತಿ ಎಂದು ಕೇಳಿದ.

ಹತ್ತು ನಿಮಿಷ ಎಂಬ ಮಾತು ರೂಢಿಯಿಂದ ನಾಲಿಗೆಯ ತುದಿಗೇ ಬಂದಿತ್ತು.

"ಮೂರು ತಾಸು ನಲವತ್ತು ನಿಮಿಷ," ಎಂದೆ.

ಅವನು ನಗಲಿಲ್ಲ. "ಹಂಗಾದ್ರ ಅಕ್ಕಿ ಈಗ ಒಲಿ ಮ್ಯಾಲ ಇಡಂಗಿಲ್ಲ," ಎಂದ. "ನೀ ಮುಗಿಸ್ಕೊಂಡ ಬಾ. ಬಿಸಿ ಅನ್ನ ಕೂಡೇ ಉಣ್ಣೂಣು."